ಆಡಲು ಬಾರದವರ ಎದುರು ಎಲೆ ಹಿಡಿದು

ಇಸ್ಪೀಟು ಚೆನ್ನಾಗಿ ಬಲ್ಲವರ ಎದುರು ಸೋತರೆ ಯಾರ ಮಾನವೂ ಹೋಗುವುದಿಲ್ಲ. ನನ್ನ ಮಾನ ಹೋದದ್ದೆಲ್ಲ ಏನೂ ಬಾರದವರ ಎದುರು. ಅದೂ ಒಂದು ಊರಲ್ಲಿ ಒಂದು ಸಲ ಹೋಗಿ ಮುಗಿದಿದ್ದರೆ ಬೇರೆ ಮಾತು. ನಮ್ಮ ಮನೆಯವರಿಗೆ ವರ್ಗವಾದ ಹಾಗೆಲ್ಲ ನನ್ನ ಮಾನವೂ ಊರಿಂದ ಊರಿಗೆ ಹೋಗುತ್ತಲೇ ಇದೆ.

ನನ್ನ ತವರು ಬಾಗಲಕೋಟೆ. ಅಪ್ಪ ಅರಳೆ ಅಂಗಡಿಯಲ್ಲಿ ಗುಮಾಸ್ತ. ಭಾನುವಾರ ಅವನ ಗೆಳೆಯರು ನಮ್ಮ ಪಡಸಾಲೆಯಲ್ಲಿ ಕೂತು ಮೂರೆಲೆ ಆಡುತ್ತಿದ್ದರು. ಚಹಾ ಕೊಡಲು ಹೋದ ನಾನು ಅಪ್ಪನ ಬೆನ್ನ ಹಿಂದೆ ಕೂತು ಕಲಿತೆ. ಆಟ ಸರಳ. ಒಬ್ಬೊಬ್ಬರಿಗೆ ಮೂರು ಎಲೆ. ಮೂರೂ ಒಂದೇ ತರಹ ಬಂದರೆ ಅದಕ್ಕಿಂತ ದೊಡ್ಡದಿಲ್ಲ. ಎರಡು ಒಂದೇ ತರಹ ಬಂದರೂ ಅಡ್ಡಿಯಿಲ್ಲ. ಎಲೆ ಚಲೋ ಇದ್ದರೆ ಪಣ ಏರಿಸುತ್ತ ಹೋಗಬೇಕು, ಇಲ್ಲದಿದ್ದರೆ ಎಲೆ ಚೆಲ್ಲಿ ಸುಮ್ಮನೆ ಕೂಡಬೇಕು. ಆದರೆ ಕೈಯಲ್ಲಿ ಬರೀ ಕಸ ಇದ್ದಾಗಲೂ ರಾಜನನ್ನು ಹಿಡಿದವರ ಹಾಗೆ ಮುಖ ಮಾಡಿ ಎದುರಿನವರನ್ನು ಹೆದರಿಸುವುದಿದೆಯಲ್ಲ, ಅದು ನಿಜವಾದ ವಿದ್ಯೆ. ನಾನು ಸಾಲೆಗೆ ಹೋದದ್ದು ಹತ್ತನೆಯ ಇಯತ್ತೆಯವರೆಗೆ. ಅಲ್ಲಿ ಕಲಿತದ್ದರಲ್ಲಿ ಹೆಚ್ಚೇನೂ ಉಳಿದಿಲ್ಲ. ಇದು ಉಳಿದಿದೆ.

ಕಲಿತವಳು ನಾನು. ಅದರಿಂದ ಲಗ್ನ ತಪ್ಪಿದ್ದು ನನ್ನ ತಂಗಿಗೆ.

ದಾಳಿಂಬೆ ಬುಟ್ಟಿ

ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದೆ. ಎಂಟು ತಿಂಗಳು ತುಂಬಿತ್ತು. ಕೂತರೆ ಏಳಲು ಆಗದು, ಎದ್ದರೆ ಕೂಡಲು ಆಗದು, ಹೊತ್ತು ಹೋಗದು. ಅದೇ ವೇಳೆಗೆ ತಂಗಿಗೆ ಕಲಾದಗಿಯ ಒಂದು ಮನೆತನದಿಂದ ಮಾತು ಬಂತು. ಹುಡುಗನ ಸೋದರತ್ತೆ ಒಂದು ಮಧ್ಯಾಹ್ನ ಬಸ್ಸಿಳಿದು, ತಮ್ಮ ತೋಟದ ಒಂದು ಬುಟ್ಟಿ ದಾಳಿಂಬೆ ಹೊತ್ತುಕೊಂಡು ನಮ್ಮ ಮನೆಗೆ ಬಂದರು. ಅವ್ವ, ತಂಗಿ ಇಬ್ಬರೂ ಅಡುಗೆಮನೆ ಸೇರಿದರು. ಅವರನ್ನು ಮಾತಾಡಿಸುವ ಕೆಲಸ ನನ್ನ ಪಾಲಿಗೆ ಬಂತು.

ಅವರಿಗೆ ಹೆಚ್ಚು ಮಾತು ಬರುತ್ತಿರಲಿಲ್ಲ. ನನಗೆ ಸುಮ್ಮನೆ ಕೂಡಲು ಬರುತ್ತಿರಲಿಲ್ಲ.

"ಎಲಿ ಆಡ್ತೀರೇನ್ರಿ ಅತ್ತಿ?" ಅಂದೆ.

"ನನಗೆಲ್ಲಿ ಬರತೈತಿ, ತಂಗಿ."

"ನಾ ಕಲಸ್ತೇನಿ ಬರ್ರಿ."

ಪಣಕ್ಕೆ ಏನಾದರೂ ಬೇಕಲ್ಲ. ನನ್ನ ಬಯಕೆಗೆಂದು ಅವ್ವ ಮಾಡಿಟ್ಟ ಶೇಂಗಾ ಉಂಡೆಯ ಡಬ್ಬಿ ನಾನು ತೆಗೆದೆ. ಅವರು ಅತ್ತಿತ್ತ ನೋಡಿ ಬುಟ್ಟಿಯನ್ನು ತಮ್ಮ ಮಗ್ಗುಲಿಗೆ ಎಳೆದುಕೊಂಡರು. ಆಮೇಲೆ ಏನಾಯಿತೆಂದು ಹೇಳಲು ಈಗಲೂ ನಾಚಿಕೆ. ಹೊಸಬರು, ಹಿರಿಯರು, ಬೀಗರಾಗುವವರು ಅನ್ನುವ ಖಬರಿಲ್ಲದೆ ಆಡಿದೆ. ಅವರು ಎಲೆ ತಿರುಗುಮುರುಗು ಹಿಡಿಯುತ್ತಿದ್ದರು. ನಾನು ಒಂದೊಂದೇ ದಾಳಿಂಬೆ ಎಳೆದುಕೊಳ್ಳುತ್ತಿದ್ದೆ. ಅವ್ವ ಚಹಾ ತಂದಾಗ ಬುಟ್ಟಿ ಬರಿದಾಗಿತ್ತು, ನನ್ನ ಸುತ್ತ ದಾಳಿಂಬೆಯ ಗುಡ್ಡೆ ಬಿದ್ದಿತ್ತು.

ಅವ್ವನಿಗೆ ಹಿಗ್ಗು. "ಅಯ್ಯ, ಇಷ್ಟ್ಯಾಕ ತರಾಕ ಹೋದ್ರಿ?" ಅಂದಳು.

ಆ ಅತ್ತೆ ಖಾಲಿ ಬುಟ್ಟಿಯನ್ನು ಬಗಲಿಗೆ ಏರಿಸಿಕೊಂಡು ಮೆಲ್ಲಗೆ ಹೇಳಿದರು, "ನಿಮಗ ಕೊಡಾಕಂತಽ ತಂದಿದ್ದೆ ರೀ. ನಿಮ್ಮ ಮಗಳು ಕೊಡೂತನಕ ತಡೀಲಿಲ್ಲ."

ವಾರದಲ್ಲಿ ಕಲಾದಗಿಯಿಂದ ಮಾತು ಬಂತು. ಎಲೆ ಆಡುವವರ ಮನೆಯ ಹೆಣ್ಣು ಬೇಡವಂತೆ. ತಂಗಿ ನನ್ನೊಡನೆ ಮಾತು ಬಿಟ್ಟಳು. ಅವ್ವ ನನ್ನೆದುರು ಬಂದು ನಿಂತಳು. "ಆಕಿ ಕೊರಳಿಗೆ ತಾಳಿ ಬೀಳೂತನಕ ನೀ ಎಲಿ ಮುಟ್ಟಂಗಿಲ್ಲ. ಹೂಂ ಅನ್ನು."

ಹೂಂ ಅಂದೆ. ಬಾಯಲ್ಲಿ ದಾಳಿಂಬೆ ಕಾಳು ಇದ್ದವು, ಹೆಚ್ಚು ಮಾತಾಡಲು ಆಗಲಿಲ್ಲ.

ಕೈಗಡ ಒಯ್ದ ರಾಣಿ

ಮಗಳಿಗೆ ಆರು ತಿಂಗಳಾದಾಗ ನಾವು ಬಾದಾಮಿಯಲ್ಲಿದ್ದೆವು. ನಮ್ಮ ಮನೆಯವರು ಸರಕಾರಿ ಕಚೇರಿಯಲ್ಲಿ ಗುಮಾಸ್ತರು. ಬಾದಾಮಿಯಲ್ಲಿ ಹಪ್ಪಳ ಒಣಗಿಸಿದವರು ಬಡಿಗೆ ಹಿಡಿದು ಪಕ್ಕದಲ್ಲೇ ಕೂಡಬೇಕು. ಇಲ್ಲವಾದರೆ ಗುಡ್ಡದ ಮಂಗಗಳು ಬಂದು ಉಪ್ಪು ಖಾರ ಸರಿಯಿದೆಯೋ ಇಲ್ಲವೋ ನೋಡಿ ಹೋಗುತ್ತವೆ. ಹಾಗೆ ಮಾಳಿಗೆಯ ಮೇಲೆ ಕೂತು ಬೇಸರ ಬಂದು, ಬಾಜೂ ಮನೆಯ ಸಂಸ್ಕೃತ ಮಾಸ್ತರರ ಹೆಂಡತಿಗೆ ಮೂರೆಲೆ ಕಲಿಸಿದೆ. ಅವ್ವನಿಗೆ ಹೂಂ ಅಂದದ್ದು ನೆನಪಿತ್ತು. ಆದರೆ ಕಲಿಸುವುದು ಅಂದರೆ ಆಡುವುದಲ್ಲ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡಿದ್ದೆ. ಪಣಕ್ಕೆ ಹುಣಸೆ ಬೀಜ.

ಆ ಅಕ್ಕಾರು ಸುಳ್ಳು ಹೇಳುವವರಲ್ಲ. ಮುಖದಿಂದಲೂ ಹೇಳುವವರಲ್ಲ. ಎಲೆ ಕೈಗೆ ಬಂದ ಕೂಡಲೇ ಕನ್ನಡಕ ಸರಿಮಾಡಿಕೊಂಡು ಎಲ್ಲ ಹೇಳಿಬಿಡುತ್ತಿದ್ದರು.

"ನನಗ ಎರಡು ರಾಣಿ ಬಂದಾವ ನೋಡ್ರಿ. ಒಂದು ಏಳು ಅದ. ನಿಮಗೇನು ಬಂದದ?"

"ಅಕ್ಕಾರ, ಅದನ್ನ ಹೇಳಬಾರದ್ರಿ."

"ಯಾಕ? ಕೇಳಿದವರಿಗೆ ಹೇಳಲಿಕ್ಕೆ ಏನಾಗೇದ?"

ನನ್ನ ಕೈಯಲ್ಲಿ ಒಂದು ರಾಣಿ, ಉಳಿದೆರಡು ಕಸ. ಮುಖ ಸಣ್ಣದಾಗಿರಬೇಕು. ಅವರು ನನ್ನನ್ನೇ ನೋಡಿದರು.

"ನಿಮ್ಮ ಎಲಿ ಛಲೋ ಇಲ್ಲ ಕಾಣಸ್ತದ. ನಂದೊಂದು ರಾಣಿ ಬೇಕೇನು, ತಗೋರಿ. ಹೆಪ್ಪಿಗೆ ಮಜ್ಜಿಗಿ ಇಲ್ಲಂದ್ರ ಕೊಡೂದಿಲ್ಲೇನು, ಹಂಗ."

ಒಳ್ಳೆಯ ಹೆಣ್ಣುಮಗಳಾಗಿದ್ದರೆ ಬೇಡ ಅನ್ನುತ್ತಿದ್ದಳು. ನಾನು ತೆಗೆದುಕೊಂಡೆ. ಅಷ್ಟೇ ಅಲ್ಲ, ಅವರದೇ ರಾಣಿಯನ್ನು ಜೋಡಿ ಮಾಡಿ ಅವರನ್ನೇ ಸೋಲಿಸಿ ಬೀಜವನ್ನೆಲ್ಲ ಬಾಚಿದೆ. ಅವರು ನನಗಿಂತ ಹೆಚ್ಚು ಸಂತೋಷಪಟ್ಟರು. "ನೋಡ್ರಿ, ನಿಮಗ ಕೆಲಸಕ್ಕ ಬಂತು," ಅಂದರು.

ಮರುದಿನ ಮುಂಜಾನೆ ಎದುರುಮನೆಯವರು, ಹಾಲಿನವಳು, ನೀರಿಗೆ ನಿಂತ ನಾಲ್ಕು ಹೆಂಗಸರು ಕೇಳುವ ಹಾಗೆ ಅವರು ನನ್ನ ಬಾಗಿಲಿಗೆ ಬಂದು ಕೂಗಿದರು, "ನಿನ್ನೆ ಒಯ್ದ ರಾಣಿ ತೀರಸ್ತೀರೇನ್ರಿ? ಇವತ್ತು ನನಗ ಬೇಕಾಗ್ತದ."

ಚಹಾ

ಆ ದಿನದಿಂದ ಬೇರೆ ಯಾರ ಜೊತೆಗೂ ಆಡಬಾರದು ಎಂದುಕೊಂಡು, ನಮ್ಮ ಮನೆಯವರಿಗೇ ಆಟ ಕಲಿಸಿದೆ. ಗಂಡ ಹೆಂಡತಿ ಆಡಿದ್ದು ಯಾರ ಕಿವಿಗೂ ಹೋಗುವುದಿಲ್ಲ, ತಂಗಿಗೆ ಧಕ್ಕೆಯಿಲ್ಲ ಎಂಬ ಲೆಕ್ಕ. ಅವರ ಗುಟ್ಟು ಎರಡನೆಯ ದಿನವೇ ಸಿಕ್ಕಿತು. ಎಲೆ ಚಲೋ ಬಂದರೆ ಆ ಮನುಷ್ಯನಿಗೆ ಚಹಾ ನೆನಪಾಗುತ್ತದೆ. "ಒಂದೀಟು ಚಹಾ ಮಾಡ್ತಿ ಏನ?" ಅಂದರೆ ಕೈಯಲ್ಲಿ ಎಕ್ಕ ಇದೆ ಎಂದೇ ಅರ್ಥ. ನಾನು ಆ ಕ್ಷಣವೇ "ನಾ ಆಟಕ್ಕಿಲ್ಲ" ಎಂದು ಎಲೆ ಚೆಲ್ಲುತ್ತಿದ್ದೆ. ಪಾಪ, ಅವರು ವರ್ಷವಿಡೀ ಸೋತರು. ಚಹಾ ಕೂಡ ಸಿಗಲಿಲ್ಲ.

ಒಂದು ಸಂಜೆ ಅವರ ಸಾಹೇಬರು ಮೊದಲ ಸಲ ನಮ್ಮ ಮನೆಗೆ ಬಂದರು. ನಾನು ಒಳಗೆ ಮಗುವಿಗೆ ಉಣಿಸುತ್ತಿದ್ದೆ. ಹೊರಗಿನಿಂದ ನಮ್ಮ ಮನೆಯವರ ದನಿ ಕೇಳಿತು, "ಒಂದೀಟು ಚಹಾ ಮಾಡ್ತಿ ಏನ?"

ನನಗೆ ಗೊತ್ತಾಗುವ ಮೊದಲೇ ಬಾಯಿ ಗಟ್ಟಿಯಾಗಿ ಅಂದುಬಿಟ್ಟಿತು, "ನಾ ಆಟಕ್ಕಿಲ್ಲ."

ಸಾಹೇಬರು ನೀರು ಕುಡಿದು ಹೋದರು. ಹೋಗುವಾಗ ನಮ್ಮ ಮನೆಯವರ ಹೆಗಲ ಮೇಲೆ ಕೈಯಿಟ್ಟು, "ಸಂಭಾಳಿಸಿಕೊಂಡು ಹೋಗ್ರಿ, ನಮ್ಮ ಮನ್ಯಾಗೂ ಹಿಂಗಽ ಐತಿ," ಅಂದರಂತೆ.

ದೊಡ್ಡತ್ತೆಯ ಮುಯ್ಯಿ

ಬಾದಾಮಿಯಿಂದ ವರ್ಗವಾದದ್ದು ನನ್ನ ಗಂಡನ ಮನೆಯಿರುವ ಹುನಗುಂದಕ್ಕೆ. ಅಲ್ಲಿ ನನ್ನ ಅತ್ತೆಯ ಅಕ್ಕ ಇದ್ದಾರೆ, ಎರಡು ಓಣಿ ದಾಟಿದರೆ ಅವರ ಮನೆ. ನಾನು ದೊಡ್ಡತ್ತಿ ಅನ್ನುತ್ತೇನೆ. ಆ ಹೊತ್ತಿಗೆ ಇಳಕಲ್ಲಿನ ಒಂದು ಮನೆತನದವರು ತಂಗಿಯನ್ನು ನೋಡಿ ಹೋಗಿದ್ದರು, ಹುಡುಗಿ ಮನಸ್ಸಿಗೆ ಬಂದಿದ್ದಾಳೆ ಎಂದೂ ಹೇಳಿ ಕಳಿಸಿದ್ದರು. ಕಲಾದಗಿಯದು ಮುರಿದ ಮೇಲೆ ಎರಡು ವರ್ಷಕ್ಕೆ ಬಂದ ಮಾತು. ಬೀಗರ ಹೆಂಗಸರಿಗೆ ಉಡಿ ತುಂಬಲು ಅವ್ವ ಗುಳೇದಗುಡ್ಡದ ಐದು ಕುಪ್ಪಸದ ಖಣ ಕೊಂಡು ನನ್ನ ಕೈಗೆ ಕೊಟ್ಟಿದ್ದಳು.

ದೊಡ್ಡತ್ತೆಗೆ ನನ್ನ ವಿದ್ಯೆ ಹೇಗೋ ಗೊತ್ತಾಗಿತ್ತು. ಕಲಿಸು ಅಂದರು. ಅವರ ಮುಂದೆ ಹುಣಸೆ ಬೀಜ ಇಟ್ಟರೆ ಮೂಗು ಮುರಿದರು. "ಇದೇನು ಹುಡುಗರ ಆಟ. ಟ್ರಂಕಿನ್ಯಾಗ ಖಣ ಕೊಳಿಯಾಕ ಹತ್ಯಾವ, ಅವನ್ನಽ ಇಡೂಣು."

ನನಗೆ ಆಸೆ ಹುಟ್ಟಿತು. ಐದು ಖಣ ಹತ್ತಾದರೆ ತಂಗಿಯ ನಿಶ್ಚಯಕ್ಕೇ ಒಳ್ಳೆಯದಲ್ಲವೆ? ಮಧ್ಯಾಹ್ನ ಐದನ್ನೂ ಸೆರಗಿನಲ್ಲಿ ಮುಚ್ಚಿಕೊಂಡು ಹೋದೆ.

ಎಲೆ ಬಂದವು. ಎರಡು, ಐದು, ಒಂಬತ್ತು. ಶುದ್ಧ ಕಸ. ಸರಿ, ಹೆದರಿಸಿಯೇ ಏಳಿಸೋಣ ಎಂದು ಗಂಭೀರವಾಗಿ ಒಂದು ಖಣ ಇಟ್ಟೆ. ದೊಡ್ಡತ್ತೆ ಒಂದು ಇಟ್ಟರು. ನಾನು ಮುಗುಳ್ನಕ್ಕು ಎರಡನೆಯದು ಇಟ್ಟೆ. ಅವರು ಇನ್ನೂ ಚಲೋದನ್ನು ಆರಿಸಿ ಇಟ್ಟರು. ಮೂರನೆಯದು ಇಟ್ಟು ಅವರಿಗೇ ಬುದ್ಧಿ ಹೇಳಿದೆ.

"ದೊಡ್ಡತ್ತಿ, ನನ್ನ ಎಲಿ ಭಾಳ ದೊಡ್ಡವು ಅದಾವ್ರಿ. ನೀವು ಬಿಟ್ಟುಬಿಡ್ರಿ."

"ಇರಲಿ ತಗೋ."

"ನಿಮ್ಮ ಎಲಿ ನೋಡಿಕೊಂಡ್ರಿ?"

"ನನ್ನ ಎಲಿ ತಗೊಂಡು ಏನು ಮಾಡ್ತಿ? ನೀ ಇಟ್ಟಮ್ಯಾಲ ನಾ ಇಡದ ಹೆಂಗ ಬಿಡಲಿ? ನಮ್ಮ ಮನ್ಯಾಗ ಯಾರ ಮುಯ್ಯಿನೂ ಉಳಿಸ್ಕೊಂಡಿಲ್ಲ. ಸಣ್ಣ ಹುಡುಗಿ ಮೂರು ಇಟ್ಟಳು, ಮುದುಕಿ ಎರಡಕ್ಕ ಕೈ ಎಳಕೊಂಡಳು ಅಂತ ನಾಳೆ ಮಂದಿ ಆಡ್ಕೋಬೇಕೇನು?"

ಆಗ ತಿಳಿಯಿತು. ಅವರು ಆಟ ಆಡುತ್ತಿರಲಿಲ್ಲ, ಮದುವೆಯಲ್ಲಿ ಮುಯ್ಯಿ ತೀರಿಸುವ ಹಾಗೆ ತೀರಿಸುತ್ತಿದ್ದರು. ಇಂಥವರನ್ನು ಹೆದರಿಸುವ ಮುಖ ಇನ್ನೂ ಯಾರಿಗೂ ಹುಟ್ಟಿಲ್ಲ. ಐದು ಖಣವೂ ಮುಗಿದವು. ಎಲೆ ತಿರುವಿದೆವು. ಅವರಿಗೆ ಮೂರರ ಜೋಡಿ ಬಂದಿತ್ತು. ಅದೂ ನಾನೇ ನೋಡಿ ಹೇಳಬೇಕಾಯಿತು.

"ನೀವು ಗೆದ್ರಿ, ದೊಡ್ಡತ್ತಿ."

"ಅಂದ್ರ, ಇವೆಲ್ಲಾ ನನಗೇನ? ಅಯ್ಯ, ಸೊಸಿ ಕಡಿಂದ ಖಣ ತಗೊಂಡು ಆಕೀನ ಬರೀ ಕೈಲೆ ಕಳಸಲೇನು?" ಎಂದವರೇ ಎದ್ದು ಕುಂಕುಮದ ಭರಣಿ, ಅಕ್ಕಿ, ತೆಂಗಿನಕಾಯಿ ತಂದರು. ಹತ್ತೂ ಖಣವನ್ನು ನನ್ನ ಉಡಿಗೆ ಹಾಕಿ ಉಡಿ ತುಂಬಿ ಕಳಿಸಿದರು. ಸೋತು ಹತ್ತು ಖಣ ಹೊತ್ತು ತಂದವಳು ನಮ್ಮ ತಾಲೂಕಿನಲ್ಲಿ ನಾನೊಬ್ಬಳೇ ಇದ್ದೇನು. ದಾರಿಯುದ್ದಕ್ಕೂ ತಲೆ ಮೇಲೆತ್ತಲಿಲ್ಲ.

ಬಾಗಿಲಲ್ಲೇ ಅತ್ತೆ ಸಿಕ್ಕರು. ತುಂಬಿದ ಉಡಿ ನೋಡಿದರು. "ಅಕ್ಕ ಯಾಕ ಉಡಿ ತುಂಬ್ಯಾಳ?"

ಎಲೆ ಆಡಿದೆ ಅನ್ನುವಂತಿಲ್ಲ. ಅಂದರೆ ಸಂಜೆಯೊಳಗೆ ಅದು ಇಳಕಲ್ಲು ಮುಟ್ಟುತ್ತದೆ. "ಸುಮ್ನ ತುಂಬ್ಯಾರ್ರಿ," ಅಂದೆ.

ಅತ್ತೆ ನನ್ನ ಮುಖ ನೋಡಿದರು, ಉಡಿ ನೋಡಿದರು, ಮತ್ತೆ ಮುಖ ನೋಡಿದರು. ನಾನು ನಾಚಿದ್ದೆ, ಯಾಕೆ ಎಂಬುದು ಮಾತ್ರ ಅವರಿಗೆ ತಿಳಿಯಲಿಲ್ಲ. "ನನ್ನ ಮುಂದ ಹೇಳದ ಅಕ್ಕನ ಮುಂದ ಹೇಳೀಯಲ್ಲ," ಎಂದು ಕಣ್ಣೊರೆಸಿಕೊಂಡರು. ಹೊತ್ತು ಮುಳುಗುವುದರೊಳಗೆ ನಾನು ಎರಡನೆಯ ಬಸುರಿ ಎಂದು ಓಣಿಗೆಲ್ಲ ಸುದ್ದಿಯಾಯಿತು. ತಂಗಿಯ ಲಗ್ನದ ಮಾತು ನಡೆದಿರುವಾಗ ನಿಜ ಹೇಳುವ ಧೈರ್ಯ ಬರಲಿಲ್ಲ. ಒಂದು ತಿಂಗಳು ಬೇಡಬೇಡವೆಂದರೂ ಮಾವಿನಕಾಯಿ ತಿನ್ನಿಸಿದರು. ಆಮೇಲೆ, ದಿನ ಎಣಿಸುವುದು ತಪ್ಪಿತ್ತು ಎಂದು ಹೇಳಿ ಪಾರಾದೆ. ಹತ್ತನೆಯ ಇಯತ್ತೆ ಕಲಿತವಳಿಗೆ ಎಣಿಕೆ ಬರುವುದಿಲ್ಲ ಎಂದು ಅತ್ತೆ ಇಂದಿಗೂ ನಂಬಿದ್ದಾರೆ.

ಇಳಕಲ್ಲಿನಲ್ಲಿ ಚೆಲ್ಲಿದ ಎಲೆ

ಇಳಕಲ್ಲಿನವರಿಗೆ ಹುಡುಗಿ ಒಪ್ಪಿಗೆಯಾಗಿತ್ತು. ಇನ್ನು ನಾವು ಹೋಗಿ ಮನೆ ನೋಡಿ, ಮಾತು ಮುಗಿಸಿ, ಸಕ್ಕರೆ ಹಂಚಿ ಬರುವುದಷ್ಟೇ ಉಳಿದಿತ್ತು. ಅಪ್ಪ, ನಮ್ಮ ಮನೆಯವರು, ಮಗಳನ್ನು ಸೊಂಟದ ಮೇಲಿಟ್ಟುಕೊಂಡ ನಾನು, ಮೂವರೂ ಹೋದೆವು. ಬಸ್ಸು ಹತ್ತಿಸುವಾಗ ಅವ್ವ ನನ್ನ ಕೈ ಹಿಡಿದು ಒಂದೇ ಮಾತು ಹೇಳಿದಳು, "ನಿನ್ನ ಕೈ ಸುಮ್ನಿರಲಿ."

ಸೀರೆ ನೇಯುವ ಮನೆತನ. ಪಡಸಾಲೆ ದಾಟಿದರೆ ಮಗ್ಗಗಳು, ಅವುಗಳ ಸಪ್ಪಳ. ಮಾತು ಮುಗಿಸಬೇಕಾದ ಹಿರಿಯರು ತುಳಸಿಗೇರಿ ಹನುಮಪ್ಪನ ದರ್ಶನಕ್ಕೆ ಹೋದವರು ಇನ್ನೂ ತಿರುಗಿ ಬಂದಿರಲಿಲ್ಲ. ಗಂಡಸರು ಹೊರಗೆ ಕೂತರು. ಒಳಗೆ ಹುಡುಗನ ತಾಯಿ, ಅವರ ಹಿರಿಯ ಸೊಸೆ, ನಾನು. ಹೊತ್ತು ಹೋಗಲಿ ಎಂದು ಆ ಸೊಸೆ ಒಳಗಿನಿಂದ ಒಂದು ಹೊಸ ಇಸ್ಪೀಟಿನ ಕಟ್ಟು ತಂದಳು. ನಾನು ಕೈಯನ್ನು ಸೆರಗಿನೊಳಗೆ ಸೇರಿಸಿದೆ.

"ಹೋದ ವಾರ ತವರಿಗೆ ಹೋದಾಗ ಕಲ್ತು ಬಂದೇನ್ರಿ ಅಕ್ಕಾ. ಅತ್ತಿಗೂ ಕಲಿಸೇನಿ. ನಿಮಗ ಬರತೈತೇನು?"

"ಇಲ್ಲವಾ," ಅಂದೆ. "ನಮ್ಮ ಮನ್ಯಾಗ ಯಾರಿಗೂ ಗೊತ್ತಿಲ್ಲ."

ಅವಳು ನನಗೆ ಕಲಿಸಿದಳು. ಕೆಂಪು ಯಾವುದು ಕಪ್ಪು ಯಾವುದು ಎಂದು ತೋರಿಸಿದಳು. ನಾನು ಎಲೆಗಳನ್ನು ಕೊತ್ತಂಬರಿ ಕಟ್ಟಿನ ಹಾಗೆ ಹಿಡಿದುಕೊಂಡೆ. ಪಣಕ್ಕೆ ಶೇಂಗಾ. ಎಲ್ಲ ಸೋತು ಸುಮ್ಮನೆ ಎದ್ದುಬಿಡುವುದು ನನ್ನ ಹಂಚಿಕೆ. ಆದರೆ ಇಬ್ಬರೂ ಎಂಥ ಹೊಸಬರೆಂದರೆ ಸೋಲಲೂ ಬಿಡುತ್ತಿರಲಿಲ್ಲ. ನಾನು ಕಸ ಇಟ್ಟುಕೊಂಡು ಪಣ ಏರಿಸಿದರೆ ಹೆದರಿ ಎಲೆ ಚೆಲ್ಲುತ್ತಿದ್ದರು. ಶೇಂಗಾ ನನ್ನ ಮುಂದೆಯೇ ಬೆಳೆಯುತ್ತ ಹೋಯಿತು.

ಮುಂದಿನ ಸಲದ ಎಲೆ ಎತ್ತಿದೆ. ಮೂರು ರಾಜ.

ಅಪ್ಪನ ಬೆನ್ನ ಹಿಂದೆ ಕೂತ ದಿನದಿಂದ ಅಂಥ ಎಲೆ ನನ್ನ ಕೈಗೆ ಬಂದದ್ದಿಲ್ಲ. ತಂಗಿಯನ್ನು ನೆನೆದೆ. ಅವ್ವನನ್ನು ನೆನೆದೆ. ಎದೆ ಕಲ್ಲು ಮಾಡಿಕೊಂಡು ಮೂರನ್ನೂ ಬೋರಲು ಹಾಕಿ ಚೆಲ್ಲಿದೆ. "ನಂದೇನೂ ಛಲೋ ಇಲ್ರಿ."

ಚೆಲ್ಲಿದ ಎಲೆಯನ್ನು ಯಾರೂ ಮುಟ್ಟಬಾರದು. ಅದು ಆ ಆಟದ ಶಿಸ್ತು. ಆದರೆ ನೇಯುವ ಮನೆಯಲ್ಲಿ ಕಸ ಗುಡಿಸಿದರೂ ತಿರುವಿ ನೋಡದೆ ಹೊರಗೆ ಹಾಕುವುದಿಲ್ಲ. ಅದರಲ್ಲಿ ರೇಷ್ಮೆ ಎಳೆ ಇದ್ದರೂ ಇರಬಹುದು. ಹುಡುಗನ ತಾಯಿ ಅದೇ ರೂಢಿಯಲ್ಲಿ ಕೈ ಚಾಚಿ ನನ್ನ ಎಲೆ ತಿರುವಿದರು.

"ಇವು ಮೂರೂ ರಾಜಾ ಅಲ್ಲೇನು?"

"ಪಾಪ, ಅಕ್ಕಗ ತಿಳಿದಿಲ್ರಿ ಅತ್ತಿ," ಅಂದಳು ಸೊಸೆ.

"ಇಷ್ಟು ಬಿಡಿಸಿ ಹೇಳಿದಮ್ಯಾಲೂ ತಿಳೀಲಿಲ್ಲ?" ಅವರು ನನ್ನನ್ನು ಬಹಳ ಮರುಕದಿಂದ ನೋಡಿದರು. ಆಮೇಲೆ ಆ ಮರುಕ ಚಿಂತೆಯಾಯಿತು. "ಕೇಳ್ತೇನಿ ಅಂತ ಬ್ಯಾಸರ ಮಾಡ್ಕೋಬ್ಯಾಡ. ನಿನ್ನ ತಂಗೀನೂ ಹಿಂಗಽ ಅದಾಳೇನು? ಸ್ವಲ್ಪ ತಿಳವಳಿಕಿ ಕಡಿಮಿ?"

ಕಲಾದಗಿಯವರು ಜಾಣತನ ಹೆಚ್ಚಾಯಿತೆಂದು ಬಿಟ್ಟರು. ಇವರು ದಡ್ಡತನಕ್ಕೆ ಬಿಡುವ ಹಾಗೆ ಕಂಡರು. ನನ್ನ ನಾಲಿಗೆ ನನ್ನನ್ನು ಕೇಳಲಿಲ್ಲ.

"ದಡ್ಡೂ ಅಲ್ರಿ, ಏನೂ ಅಲ್ರಿ. ಮೂರು ರಾಜಾ ಅಂದ್ರ ಏನಂತ ನನಗ ಗೊತ್ತಿಲ್ಲೇನು? ನಿಮ್ಮ ಕೈಯಾಗ ಎಕ್ಕ ಐತಿ, ಬಂದ ಕೂಡಲೆ ಸೆರಗು ಹೊಚ್ಚಿಕೊಂಡ್ರಿ. ಈಕಿ ಕೈಯಾಗ ಏನೂ ಇಲ್ಲ, ಅದಕ್ಕಽ ಶೇಂಗಾ ತಿನ್ನಾಕ ಹತ್ಯಾಳ."

ಹೇಳುತ್ತ ಹೇಳುತ್ತ ನೆಲದ ಮೇಲಿನ ಎಲೆ ಕೂಡಿಸಿದ್ದೆ. ಕೈ ತನ್ನಷ್ಟಕ್ಕೆ ಕಟ್ಟನ್ನು ಎರಡು ಪಾಲು ಮಾಡಿ, ಫರ್ರನೆ ಒಂದರೊಳಗೊಂದು ಬೀಳಿಸಿ, ತಟ್ಟಿ ಇಟ್ಟಿತು. ಮಗಳು ಮಾತ್ರ ಚಪ್ಪಾಳೆ ಹೊಡೆದಳು.

ನಾನು ನೆಲ ನೋಡುತ್ತ ಕೂತೆ. ಆಯಿತು, ಎರಡನೆಯ ಸಲವೂ ನಾನೇ ತಂಗಿಯ ಮನೆ ಮುರಿದೆ.

ಹುಡುಗನ ತಾಯಿ ತಮ್ಮ ಕೈಯಲ್ಲಿದ್ದ ಮೂರು ಎಲೆ ಇನ್ನೂ ಬಿಟ್ಟಿರಲಿಲ್ಲ. ನಿಧಾನವಾಗಿ ಕೇಳಿದರು, "ಬರಂಗಿಲ್ಲ ಅಂದಿ. ಇಷ್ಟು ಬರತೈತಿ. ಹಂಗಾದ್ರ ಮುಂಜಾನೆ, ನಮ್ಮ ತಂಗಿ ಹಂಗ ರೊಟ್ಟಿ ಬಡಿಯೋರು ಬಾಗಲಕೋಟ್ಯಾಗ ಇಲ್ಲ ಅಂದೆಲ್ಲ?"

ಮೂರು ರಾಜ ಬಂದಾಗ ಅಲುಗದ ನನ್ನ ಮುಖ ಆಗ ಕೈಬಿಟ್ಟಿತು. ಅದನ್ನು ಓದಿ ಸುಳ್ಳು ಹಿಡಿದ ಮೊದಲ ಮನುಷ್ಯರು ಅವರೇ. ಅದೂ, ಎಲೆ ಹಿಡಿಯಲು ಕಲಿತು ವಾರವಾಗಿರಲಿಲ್ಲ.

"ಖರೆ ಹೇಳು."

"ಆಕಿ ರೊಟ್ಟಿ ಹೆಂಚಿಗೆ ಹೋಗೂದ್ರಾಗ ಮೂರು ತುಂಡು ಆಗತಾವ್ರಿ ಅತ್ತಿ," ಅಂದೆ. "ಆದ್ರ ಹುಡುಗಿ ಭಾಳ ಛಲೋ. ತಪ್ಪೆಲ್ಲಾ ನಂದು. ಆಕಿ ಎಲಿ ಒಮ್ಮಿನೂ ಮುಟ್ಟಿಲ್ಲ."

ಹೊರಗೆ ಅಪ್ಪ ಏನೋ ಹೇಳಿ ನಗುತ್ತಿದ್ದುದು ಕೇಳಿಸಿತು. ಹುಡುಗನ ತಾಯಿ ಬಾಗಿಲ ಕಡೆ ಒಮ್ಮೆ ನೋಡಿದರು, ಸೊಸೆಯ ಕಡೆ ಒಮ್ಮೆ ನೋಡಿದರು. ಸೊಸೆ ಶೇಂಗಾ ತಿನ್ನುವುದನ್ನು ನಿಲ್ಲಿಸಿದಳು.

"ಮುಂಜಾನೆ ನಿಮ್ಮಪ್ಪ ಕೇಳಿದ್ರು, ಹುಡುಗ ಮ್ಯಾಟ್ರಿಕ್ ಪಾಸ್ ಆಗ್ಯಾನೇನು ಅಂತ," ಅಂದರು. "ನಾ ಹೂಂ ಅಂದೆ."

ನಾನು ತಲೆಯೆತ್ತಿ ಅವರ ಮುಖ ನೋಡಿದೆ. ಅವರು ಸೆರಗು ಹೊಚ್ಚಿಕೊಳ್ಳಲಿಲ್ಲ. ಆ ಹೂಂನ ಹಿಂದೆ ಎಕ್ಕ ಇರಲಿಲ್ಲ. ತಮ್ಮ ಮೂರು ಎಲೆಗಳನ್ನು ಬೋರಲು ಹಾಕಿ, ನಡುವೆ ಸರಿಸಿ, ಮೇಲೆ ಅಂಗೈ ಒತ್ತಿ ಇಟ್ಟರು.

"ಹಿರ್ಯಾರು ಬಂದ ಕೂಡಲೆ ಸಕ್ಕರಿ ಹಂಚಿಬಿಡೂಣು. ನಾನೂ ಎಲಿ ಚೆಲ್ಲಿದೆ ನೋಡು. ನೀವು ಯಾರೂ ತಿರುವಿ ನೋಡಾಕ ಹೋಗಬ್ಯಾಡ್ರಿ."